ಭೋಜದ ಕಹಿ ಚೀಟಿ

ನಾನು ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ನಮ್ಮನ್ನು ಹತ್ತು ದಿನಗಳ ಮಟ್ಟಿಗೆ ನಿಪ್ಪಾಣಿಯ ಹತ್ತಿರದ ಭೋಜ ಎಂಬ ಊರಿಗೆ ಕರೆದೊಯ್ದಿದ್ದರು. ದಸರಾ ರಜೆಗೆ ಮುಚ್ಚಿದ್ದ ಒಂದು ಶಾಲೆಯೇ ನಮ್ಮ ಬಿಡಾರ. ಒಂದು ಕೋಣೆಯಲ್ಲಿ ಹುಡುಗಿಯರು, ಇನ್ನೊಂದರಲ್ಲಿ ಹುಡುಗರು, ಮೂರನೆಯದರಲ್ಲಿ ಸೂಕ್ಷ್ಮದರ್ಶಕಗಳು, ಬಲೆಗಳು, ಸ್ಪಿರಿಟ್ ತುಂಬಿದ ಬಾಟಲಿಗಳು. ನಮ್ಮ ಪೇಪರಿನ ಹೆಸರು ಉದ್ದವಾಗಿತ್ತು: ಪರಿಸರ ವಿಜ್ಞಾನ ಮತ್ತು ವಿಕಾಸ ತಳಿಶಾಸ್ತ್ರದ ಕ್ಷೇತ್ರಾಧ್ಯಯನ. ಊರವರು ಕೇಳಿದಾಗ ಅದನ್ನು ಬಿಡಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹದಿನಾಲ್ಕು ಜನರಲ್ಲಿ ಈ ಕಡೆಯವಳು ನಾನೊಬ್ಬಳೇ. ನನ್ನ ಊರು ಅದೇ ಸೀಮೆಯ ಕರೋಶಿ. "ಮಿಡತಿ ಎಣಸಾಕ ಬಂದೇವ್ರಿ" ಎಂದರೆ ಜನ ನಗುತ್ತಿದ್ದರು, ನಕ್ಕು ಕೂರಲು ಜಾಗ ಕೊಡುತ್ತಿದ್ದರು.

ಅದು ಸುಳ್ಳಲ್ಲ. ಬೆಳಿಗ್ಗೆಯೆಲ್ಲ ನಾವು ಮಿಡತೆಗಳನ್ನೇ ಎಣಿಸುತ್ತಿದ್ದೆವು. ದೂಧಗಂಗಾ ನದಿಯ ದಂಡೆಯ ಹಸಿ ಹುಲ್ಲಿನಲ್ಲಿ ಹಸಿರು ಮಿಡತೆ ಹೆಚ್ಚು, ಸೋಯಾಬೀನ್ ಕೊಯ್ದು ಬಿಟ್ಟ ಹೊಲದಲ್ಲಿ ಕಂದು ಮಿಡತೆ ಹೆಚ್ಚು. ಒಂದೇ ಜಾತಿಯ ಹುಳಕ್ಕೆ ಎರಡು ಬಣ್ಣ ಯಾಕೆ, ಹಕ್ಕಿಗಳಿಗೆ ಯಾವುದು ಬೇಗ ಕಾಣುತ್ತದೆ, ಉಳಿದದ್ದು ಏನನ್ನು ಮರಿಗಳಿಗೆ ದಾಟಿಸುತ್ತದೆ, ಇದೆಲ್ಲವನ್ನು ನಮ್ಮ ಮೇಡಂ ಕೆಸರಲ್ಲಿ ನಿಂತೇ ಹೇಳುತ್ತಿದ್ದರು. ಅವರು ಮೈಸೂರು ಕಡೆಯವರು, ಐವತ್ತು ದಾಟಿದವರು. ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಬ್ಬಿನ ಬದುವಿನ ಮೇಲೆ ನಮಗಿಂತ ಮುಂದೆ ನಡೆಯುತ್ತಿದ್ದರು. ಸಿಟ್ಟು ಮಾಡಿದ್ದನ್ನು ನಾವು ನೋಡಿರಲಿಲ್ಲ.

ಮಧ್ಯಾಹ್ನದ ಕೆಲಸ ಬೇರೆ. ಎರಡೆರಡು ಜನರ ಜೋಡಿಯಾಗಿ ಮನೆಮನೆಗೆ ಹೋಗಿ, ಒಪ್ಪಿದವರ ನಾಲಿಗೆಯ ಮೇಲೆ ಒಂದು ಸಣ್ಣ ಬಿಳಿ ಚೀಟಿ ಇಡುವುದು. ಆ ಚೀಟಿಗೆ ಒಂದು ರಾಸಾಯನಿಕ ಸವರಿರುತ್ತದೆ. ಕೆಲವರಿಗೆ ಅದು ಸಹಿಸಲಾಗದಷ್ಟು ಕಹಿ, ಕೆಲವರಿಗೆ ಬರೀ ಕಾಗದ. ಈ ವ್ಯತ್ಯಾಸ ತಂದೆತಾಯಿಯಿಂದ ಬರುವಂಥದು. ಒಂದು ಊರಿನಲ್ಲಿ ಎಷ್ಟು ಜನರಿಗೆ ಕಹಿ ಹತ್ತುತ್ತದೆ ಎಂದು ಗೊತ್ತಾದರೆ ಆ ಊರಿನ ತಳಿಯ ಲೆಕ್ಕ ಹಾಕಬಹುದು. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದು ಪುಟ ಮೀಸಲಾಗಿತ್ತು. ಕಳುಹಿಸುವ ಮೊದಲು ಮೇಡಂ ಮೂರು ಮಾತು ಹೇಳಿದ್ದರು. "ಹೆಸರು ಬರೆದುಕೊಳ್ಳಬೇಡಿ, ನಂಬರ್ ಮಾತ್ರ. ಒಂದೇ ಮನೆಯವರನ್ನು ಒಟ್ಟಿಗೆ ಕೂರಿಸಿ ಇದನ್ನು ಮಾಡಬೇಡಿ. ಅಪ್ಪ, ಅಮ್ಮ, ಮಕ್ಕಳು ಅಂತ ಜೋಡಿಸಿ ಯಾರ ಎದುರಿಗೂ ಮಾತಾಡಬೇಡಿ." ನಾವೆಲ್ಲ ತಲೆಯಾಡಿಸಿದೆವು. ಯಾಕೆಂದು ಯಾರೂ ಕೇಳಲಿಲ್ಲ.

ನನ್ನ ಜೊತೆಗಾತಿ ಧಾರವಾಡದ ಹುಡುಗಿ. ಅವಳು ಬರೆದುಕೊಳ್ಳುವವಳು, ನಾನು ಮಾತಾಡುವವಳು. ಮೂರು ದಿನದಲ್ಲಿ ನನಗೆ ಒಂದು ಬಗೆಯ ಗತ್ತು ಬಂದಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಪಟ್ಟಣದ ಗೆಳೆಯರು ಬಾಗಿಲಲ್ಲಿ ತಡವರಿಸುತ್ತಿದ್ದರು. ನಾನು ಕನ್ನಡ ಬಂದ ಮನೆಯಲ್ಲಿ ಕನ್ನಡ, ಮರಾಠಿ ಬಂದ ಮನೆಯಲ್ಲಿ ಮರಾಠಿ ಆಡಿ ಸೀದಾ ಪಡಸಾಲೆಗೆ ಹೋಗಿ ಕೂರುತ್ತಿದ್ದೆ. "ಇದು ನಮ್ಮ ಕಡೀ ಹುಡುಗಿ" ಎಂದು ಅಜ್ಜಿಯರು ಗಲ್ಲ ಸವರುತ್ತಿದ್ದರು. ಯುನಿವರ್ಸಿಟಿ ಸೇರಿದ ಮೇಲೆ ನನ್ನ ಮಾತಿನ ಧಾಟಿಗೆ ನಕ್ಕವರೇ ಈಗ ನನ್ನ ಹಿಂದೆ ನಿಂತಿದ್ದರು.

ನಾವು ತಿರುಗುತ್ತಿದ್ದ ಓಣಿಯಲ್ಲಿ ಒಂದು ಮನೆ ನಮಗೆ ಮೊದಲ ದಿನದಿಂದಲೇ ಆಪ್ತವಾಗಿತ್ತು. ಆ ಮನೆಯ ಸೊಸೆ ಮೂವತ್ತರ ಆಚೀಚೆಯವಳು, ಜೋರಾಗಿ ನಗುವವಳು. "ಮಿಡತಿ ಹುಡುಗ್ಯಾರು ಬಂದ್ರು ನೋಡ್ರಿ" ಎಂದು ಕೂಗಿ, ನಾವು ಬೇಡವೆಂದರೂ ಬಿಸಿ ಭಕ್ರಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೈಗಿಡುತ್ತಿದ್ದಳು. ಐದನೆಯ ಇಯತ್ತೆಯಲ್ಲಿ ಓದುವ ಅವಳ ಮಗಳು ಬೆಳಿಗ್ಗೆ ನಮ್ಮೊಡನೆ ಹೊಲಕ್ಕೆ ಬರುತ್ತಿದ್ದಳು. ಒಣಗಿದ ದಂಟುಗಳ ನಡುವೆ ಅಲುಗಾಡದೆ ಕೂತ ಕಂದು ಮಿಡತೆಯನ್ನು ನಮ್ಮೆಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವಳು ಅವಳೇ. ಮೇಡಂ ಅವಳಿಗೆ ಒಂದು ಭೂತಗನ್ನಡಿ ಕೊಟ್ಟಿದ್ದರು. "ನೀ ಮುಂದ ಸೈನ್ಸ್ ತಗೋ" ಎಂದು ನಾನು ಹೇಳಿದ್ದೆ. ಅವಳು ಅದನ್ನು ನಿಜವೆಂದೇ ಹಿಡಿದಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನ ನಾವು ಆ ಮನೆಗೆ ಹೋದಾಗ ಮನೆಯ ಯಜಮಾನನೂ ಇದ್ದ. ಅವನಿಗೆ ಅಂದು ವಾರದ ರಜೆ. ಹದಿನಾಲ್ಕನೆಯ ವಯಸ್ಸಿನಿಂದ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ವಿಂಗಡಿಸುವ ಕೆಲಸ ಮಾಡಿದವನು. ಅಂಗೈ ಕಂದಿತ್ತು, ಅಂಗಿ ತೊಳೆದಿದ್ದರೂ ಆ ವಾಸನೆ ಇತ್ತು, ದವಡೆಯಲ್ಲಿ ತಂಬಾಕು ಸುಣ್ಣ ಒತ್ತಿಕೊಂಡಿದ್ದ. ಮೆದು ಮಾತಿನ ಮನುಷ್ಯ. ಕಟ್ಟೆಯ ಮೇಲೆ ಅವನ ತಾಯಿ, ಪಕ್ಕದ ಮನೆಯ ಹೆಂಗಸು, ಇನ್ನೂ ಇಬ್ಬರು ಕೂತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆಯಬೇಕಿತ್ತು. ನಾನು ಕರೆಯಲಿಲ್ಲ. ಎಲ್ಲರೂ ಉತ್ಸಾಹದಲ್ಲಿದ್ದರು, ನನಗೂ ಅದು ಹಿತವಾಗಿತ್ತು.

ಮೊದಲು ಅಜ್ಜಿ ಚೀಟಿ ಬಾಯಿಗೆ ಹಾಕಿಕೊಂಡಳು, ಮರುಗಳಿಗೆಗೆ ಅಂಗಳಕ್ಕೆ ಉಗಿದಳು. "ಕಡೂ ಜಹರ! ಏನ ಹಾಕೀರಿ ಬೇ ಇದಕ?" ಎಲ್ಲರೂ ನಕ್ಕರು. ಸೊಸೆ ಬಾಯಿ ಚಪ್ಪರಿಸಿ, "ನನಗೇನೂ ಹತ್ತಲಿಲ್ರಿ, ಕಾಗದ ತಿಂದಂಗಾತು" ಎಂದಳು. ಯಜಮಾನ ತಂಬಾಕು ಉಗಿದು ಬಾಯಿ ಮುಕ್ಕಳಿಸಿ ಬಂದು, ಬಹಳ ಹೊತ್ತು ಅಗಿದು ತಲೆಯಾಡಿಸಿದ. "ಸಪ್ಪನ್ನ ಐತ್ರಿ." ಕೊನೆಗೆ ಮಗಳು. ಅವಳ ಮುಖ ಮುದ್ದೆಯಾಯಿತು. ಓಡಿಹೋಗಿ ಕೊಡದಿಂದ ನೀರು ಮೊಗೆದು ಕುಡಿದಳು. ಮತ್ತೆ ನಗು.

ಆಗ ಯಜಮಾನ ಕೇಳಿದ: "ಅಲ್ಲವ್ವಾ, ಇದರಾಗ ನಿಮಗ ಏನ ತಿಳಿತೈತಿ?"

ಕುತೂಹಲದಿಂದ ಕೇಳಿದ ಸರಳ ಪ್ರಶ್ನೆ. "ನಮ್ಮ ಮೇಡಂ ಬಂದು ಹೇಳ್ತಾರ್ರಿ" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಚೀಲದಿಂದ ಸೀಮೆಸುಣ್ಣ ತೆಗೆದು ಕಟ್ಟೆಯ ಕಡಪಾ ಕಲ್ಲಿನ ಮೇಲೆ ನಾಲ್ಕು ಮನೆಯ ಚೌಕ ಎಳೆದೆ. ಅಪ್ಪನಿಂದ ಒಂದು, ಅವ್ವನಿಂದ ಒಂದು. ಕಹಿ ಹತ್ತುವ ಗುಣ ಒಂದಿದ್ದರೂ ಸಾಕು, ಕಹಿ ಹತ್ತುತ್ತದೆ. ಎರಡೂ ಕಡೆಯಿಂದ ಬರದಿದ್ದರೆ ಹತ್ತುವುದಿಲ್ಲ. "ಅಪ್ಪ ಅವ್ವ ಇಬ್ಬರಿಗೂ ಹತ್ತಲಿಲ್ಲ ಅಂದ್ರ, ಮಕ್ಕಳಿಗೆ ಯಾರಿಗೂ ಹತ್ತಾಂಗಿಲ್ರಿ" ಎಂದು ಕೊನೆಯ ಮನೆ ತುಂಬಿದೆ. ಜೊತೆಗಾತಿ ನನ್ನ ಮೊಣಕೈ ಒತ್ತಿದಳು. ಬೇಗ ಮುಗಿಸು ಎನ್ನುತ್ತಿದ್ದಾಳೆ ಅಂದುಕೊಂಡೆ.

ಪಕ್ಕದ ಮನೆಯವಳು ಕೇಳಿದಳು: "ಮತ್ತ ಈ ಪೋರಿಗೆ ಹತ್ತಿತಲ್ಲ?"

ನಾನು ಚೌಕವನ್ನು ನೋಡುತ್ತಿದ್ದೆ, ಮುಖಗಳನ್ನಲ್ಲ. ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುವ ಹಾಗೆ ಹೇಳಿಬಿಟ್ಟೆ: "ಹಂಗ ಆಗಾಕ ಸಾಧ್ಯನ ಇಲ್ರಿ."

ಪಕ್ಕದ ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಸೊಸೆಯ ಕಡೆ ಒಮ್ಮೆ ನೋಡಿದಳು, ನೋಡಿದಳಷ್ಟೇ. ಚಹಾದ ಕಪ್ಪು-ಬಸಿಗಳ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಸೊಸೆ ಇನ್ನೂ ಅರ್ಧ ನಗುವಿನಲ್ಲಿದ್ದಳು. ಆ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಯಜಮಾನ ಎದ್ದ. ಚಪ್ಪಲಿ ಮೆಟ್ಟಿಕೊಂಡು ಓಣಿಯ ಕೊನೆಯವರೆಗೆ ನಡೆದು ಹೊಲದ ಕಡೆ ತಿರುಗಿಹೋದ.

ಏನಾಯಿತೆಂದು ನನಗೆ ಆಗ ತಿಳಿಯಿತು. ಹುಡುಗಿ ನನ್ನ ತೋಳು ಹಿಡಿದು, "ಅಕ್ಕಾ, ನಾ ಉತ್ತರ ತಪ್ಪ ಹೇಳಿದ್ನ್ಯಾ?" ಎಂದು ಕೇಳಿದಳು. "ಇಲ್ಲ" ಎಂದೆ. ಚೌಕವನ್ನು ಕೈಯಿಂದ ಉಜ್ಜಿದೆ. ನಾವಿಬ್ಬರೂ ಚಹಾ ಕುಡಿಯದೆ ಹೊರಟೆವು. ದಾರಿಯಲ್ಲಿ ಜೊತೆಗಾತಿ, "ಮೇಡಂಗೆ ಹೇಳೋಣ" ಎಂದಳು. "ನಾಳೆ ಎಲ್ಲ ಸರಿ ಆಗ್ತದ, ಹೇಳೋದು ಬ್ಯಾಡ" ಎಂದವಳು ನಾನು. ಅದು ನನ್ನ ಎರಡನೆಯ ತಪ್ಪು. ಮೊದಲನೆಯದು ಅರಿಯದೆ ಆದದ್ದು ಎಂದಾದರೂ ಹೇಳಬಹುದು, ಎರಡನೆಯದು ಅಂಜಿಕೆ.

ಮರುದಿನ ಹುಡುಗಿ ಮಿಡತೆ ಎಣಿಸಲು ಬರಲಿಲ್ಲ. ಹಾಲಿನ ಡೇರಿಯ ಮುಂದೆ ನಿಂತಿದ್ದ ಹೆಂಗಸರು ನಮ್ಮನ್ನು ಕಂಡು ಮಾತು ನಿಲ್ಲಿಸಿದರು. ಅದರ ಮರುದಿನ ಬೆಳಿಗ್ಗೆ, ನಾವು ಶಾಲೆಯ ನಳದ ಹತ್ತಿರ ಮುಖ ತೊಳೆಯುತ್ತಿದ್ದಾಗ ಆ ಮನೆಯ ಸೊಸೆ ಬಂದಳು. ತಲೆಯ ಮೇಲೆ ಸೆರಗು ಇತ್ತು. ನನ್ನನ್ನು ಕಾಂಪೌಂಡಿನ ಹೊರಗೆ ಕರೆದಳು.

"ಆವತ್ತ ಏನ ಅಂದ್ರಿ, ಅದನ್ನ ಇನ್ನೊಮ್ಮೆ ಹೇಳ್ರಿ" ಎಂದಳು. "ನನಗ ತಿಳೀಲಿಲ್ಲ. ಊರಿಗೆಲ್ಲಾ ತಿಳದೈತಿ."

ನಾನು ಅಳತೊಡಗಿದೆ. ಅವಳು ಅಳಲಿಲ್ಲ. "ನೀವ್ಯಾಕ ಅಳ್ತೀರಿ?" ಎಂದಳು, ನಿಜವಾಗಿಯೂ ತಿಳಿಯದವಳ ಹಾಗೆ. "ಅವರು ನನ್ನ ಜೋಡಿ ಒಂದ ಮಾತ ಆಡಿಲ್ರಿ. ಉಂಡು ದನದ ಕೊಟ್ಟಿಗ್ಯಾಗ ಹೋಗಿ ಮಲಗ್ತಾರ. ಬೈದಿದ್ರ ಉತ್ತರಾರೆ ಕೊಡ್ತಿದ್ನಿ. ಅತ್ತಿ ಏನ ಕೇಳಿದ್ಳು ಗೊತ್ತೈತೇನ್ರಿ? ಆ ವರ್ಷ ಪಂಚಮಿಗೆ ತವರಿಗೆ ಹೋದಾಕಿ ಎಷ್ಟ ದಿನ ಇದ್ದಿ ಅಂತ ಕೇಳಿದ್ಳು. ಹನ್ನೊಂದು ವರ್ಷದ ಹಿಂದಿಂದು. ನಾ ಹ್ಯಾಂಗ ಎಣಸಲಿ?"

ಮೇಡಂ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದರು. ಅವಳನ್ನು ಒಳಗೆ ಕರೆದು ಕೂರಿಸಿದರು, ನಾನು ಎಲ್ಲವನ್ನೂ ಹೇಳಿದೆ. ಅವರು ಎರಡೇ ಪ್ರಶ್ನೆ ಕೇಳಿದರು. "ಮನೆಯವರು ಏನು ಕೆಲಸ ಮಾಡುತ್ತಾರೆ?" ಇಪ್ಪತ್ತೈದು ವರ್ಷದಿಂದ ವಖಾರಿಯ ಕೆಲಸ, ತಂಬಾಕು ಜಗಿಯುತ್ತಾರೆ ಎಂದೆ. "ಅತ್ತೆಗೆ ಕಹಿ ಹತ್ತಿತೇ?" ಹತ್ತಿತು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ," ಎಂದು ಅವಳಿಗೆ ಹೇಳಿದರು, "ಇಪ್ಪತ್ತೈದು ವರ್ಷ ತಂಬಾಕಿನ ಧೂಳಿನಲ್ಲಿದ್ದ ನಾಲಿಗೆ ಮಂದವಾಗಿರುತ್ತದೆ. ನಿಮ್ಮ ಯಜಮಾನರಿಗೆ ತಾಯಿಯಿಂದ ಆ ಗುಣ ಬಂದಿರಬಹುದು, ಆದರೆ ಈಗ ಅವರಿಗೆ ಗೊತ್ತಾಗುವುದಿಲ್ಲ. ಅವರಿಂದ ಮಗಳಿಗೆ ಬಂದಿರಬಹುದು. ಅದು ಇಲ್ಲದಿದ್ದರೂ ಇದು ಪುಸ್ತಕದಲ್ಲಿರುವಷ್ಟು ಸರಳವಲ್ಲ. ಎಷ್ಟೋ ಮನೆಗಳಲ್ಲಿ ಹೀಗಾಗುತ್ತದೆ. ಈ ಚೀಟಿಯಿಂದ ಯಾರ ಮಗು ಯಾರದು ಎಂದು ಹೇಳಲು ಬರುವುದಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಇದು ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿರಲಿಲ್ರಿ" ಎಂದೆ. ತಂಬಾಕಿನ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಕೂಡ ಗೊತ್ತಿರಲಿಲ್ಲವಲ್ಲ!

ಅವಳು ಹೋದ ಮೇಲೆ ಮೇಡಂ ನನ್ನನ್ನು ಬಯ್ಯಲಿಲ್ಲ. "ಜೋಡಿಸಿ ಮಾತಾಡಬೇಡಿ ಅಂದೆ, ಯಾಕೆ ಅಂತ ಹೇಳಲಿಲ್ಲ. ನಾಚಿಕೆಯಾಯಿತು ಅಂತ ಕಾಣುತ್ತದೆ, ಹುಡುಗರ ಎದುರಿಗೆ" ಎಂದರು. ಆಮೇಲೆ, "ಸಂಜೆ ಅವರ ಮನೆಗೆ ಹೋಗೋಣ. ನೀನೂ ಬರಬೇಕು. ಮುಂದೆ ನಿಲ್ಲಬೇಕು" ಎಂದರು.

ಹೊತ್ತು ಮುಳುಗುವ ಮೊದಲು ಹೋದೆವು. ಯಜಮಾನ ಆಗಷ್ಟೇ ನಿಪ್ಪಾಣಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಹಾಸಿದ ಜಮಖಾನೆಯ ಮೇಲೆ ಕೂತೆವು. ಅಜ್ಜಿ ಕಂಬಕ್ಕೆ ಒರಗಿ ಕೂತಳು, ಸೊಸೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಾನು ಮೊದಲು ಕೈ ಮುಗಿದು ತಪ್ಪಾಯಿತು ಎಂದೆ. ಮೇಡಂ ಮಾತು ಶುರುಮಾಡುವಷ್ಟರಲ್ಲಿ ಅಜ್ಜಿ ಕೈಯೆತ್ತಿ ತಡೆದಳು.

"ಮಾತು ಆಮ್ಯಾಗ ಆಡೂನು ಮೇಡಮ್ಮಾರ. ಮೊದಲ ಪೋರಿಗೆ ಆ ಚೀಟಿ ಇನ್ನೊಮ್ಮೆ ಕೊಡ್ರಿ."

"ಬೇಡಮ್ಮ, ಮಗುವಿಗೆ ಮತ್ತೆ ಬೇಡ" ಎಂದರು ಮೇಡಂ. "ನಿಮ್ಮ ಮಗನಿಗೂ ಬೇಡ. ಇದರ ಅಗತ್ಯವೇ ಇಲ್ಲ."

"ನಾ ಇನ್ನ ನಾಲಿಗಿ ಚಾಚಾಂವಲ್ಲ" ಎಂದ ಯಜಮಾನ, ನೆಲ ನೋಡುತ್ತಾ.

ಒಳಕೋಣೆಯಿಂದ ಹುಡುಗಿ ಬಂದಳು. ಎರಡು ದಿನದಲ್ಲಿ ಸಣ್ಣಗಾದ ಹಾಗೆ ಕಂಡಳು. ಸೀದಾ ನನ್ನ ಹತ್ತಿರ ಬಂದು ಅಂಗೈ ಚಾಚಿದಳು. "ನಾ ತಿಂತೀನಿ, ಕೊಡ್ರಿ." ನಾನು ಚೀಲದ ಮೇಲೆ ಕೈಯಿಟ್ಟೆ. ಚೀಲದ ಬಾಯಲ್ಲೇ ಇದ್ದ ಲಕೋಟೆಯನ್ನು ಅವಳೇ ಎಳೆದು, ಒಂದು ಚೀಟಿ ತೆಗೆದು ಬಾಯಿಗೆ ಹಾಕಿಕೊಂಡಳು. ಮೇಡಂ "ಬೇಡ ಮರೀ" ಎನ್ನುವಷ್ಟರಲ್ಲಿ ಮುಗಿದುಹೋಗಿತ್ತು.

ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅವಳು ಅಗಿದಳು. ಉಗಿಯಲಿಲ್ಲ. ನಾನು ಅವಳ ಎದುರಿಗೇ ಕೂತಿದ್ದೆ. ಕಣ್ಣಲ್ಲಿ ನೀರು ತುಂಬಿದ್ದು, ಗಂಟಲು ಒಮ್ಮೆ ಮೇಲೆ ಹೋಗಿ ಇಳಿದದ್ದು, ಕಾಲಬೆರಳುಗಳು ನೆಲಕ್ಕೆ ಒತ್ತಿಕೊಂಡದ್ದು ಕಾಣಿಸಿತು.

"ಏನೂ ಇಲ್ಲ" ಎಂದಳು. "ಬರೇ ಕಾಗದ. ಅಪ್ಪಗ ಹ್ಯಾಂಗ ಹತ್ತಿತೋ ಹಂಗ."

ಅಜ್ಜಿ ತೊಡೆ ತಟ್ಟಿಕೊಂಡಳು. "ನೋಡ್ರಿ! ಆವತ್ತ ಆಟಾ ಮಾಡಿತ್ತು ಕೂಸು. ನಾ ಉಗುಳಿದ್ದು ನೋಡಿ ತಾನೂ ಕುಣೀತು. ಇಷ್ಟಕ್ಕ ಊರೆಲ್ಲಾ ಬಾಯಿ ಮಾಡಿದ್ರು." ಯಜಮಾನನ ಎದೆಯಿಂದ ನಗುವಿನಂಥ ಒಂದು ಸದ್ದು ಬಂತು. ಅವನು ಮಗಳನ್ನು ಹತ್ತಿರ ಎಳೆದುಕೊಂಡು ತಲೆಯ ಮೇಲೆ ಕೈಯಿಟ್ಟ. ಅವಳು ತುಟಿ ಬಿಗಿಹಿಡಿದು ನಿಂತಿದ್ದಳು.

ಮೇಡಂ ನನ್ನನ್ನು ನೋಡಿದರು. ಅವರಿಗೂ ಗೊತ್ತಾಗಿತ್ತು. ಅವರು ಹೇಳಬೇಕೆಂದು ತಂದಿದ್ದ ಮಾತೆಲ್ಲ ಆ ಹುಡುಗಿಗೆ ಕಹಿ ಹತ್ತುತ್ತದೆ ಎನ್ನುವುದರ ಮೇಲೆ ನಿಂತಿತ್ತು. ಆದರೂ ಅವರು ಶುರುಮಾಡಿದರು. ತಂಬಾಕಿನ ಬಗ್ಗೆ, ಅಜ್ಜಿಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ಬರಬಹುದಾದ ಗುಣದ ಬಗ್ಗೆ ಹೇಳಿದರು. ಕಹಿ ಹತ್ತಿದರೂ ಹತ್ತದಿದ್ದರೂ ಏನೂ ಅರ್ಥವಿಲ್ಲ ಎಂದರು. ನಾನು ಒಂದೊಂದೇ ಮಾತನ್ನು ನಮ್ಮ ಕಡೆಯ ಭಾಷೆಗೆ ತಿರುಗಿಸಿದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. "ಆತು ಬಿಡ್ರಿ ಮೇಡಂ, ಮುಗೀತಲ್ಲ, ಚಹಾ ತಗೋರ್ರಿ" ಎಂದ ಯಜಮಾನ. ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತು. ಬಾಗಿಲಲ್ಲಿದ್ದ ತಾಯಿಯೊಬ್ಬಳೇ ಮಗಳ ಮುಖದಿಂದ ಕಣ್ಣು ತೆಗೆದಿರಲಿಲ್ಲ.

ಹೊರಗೆ ಬಂದ ಮೇಲೆ ಮೇಡಂ, "ಆ ಮಗು ಸುಳ್ಳು ಹೇಳುತ್ತಿದೆ ಅಂತ ನಾನು ಹೇಳಬೇಕಿತ್ತೇ?" ಎಂದು ಕೇಳಿದರು. ಪಾಠದ ಪ್ರಶ್ನೆಯಲ್ಲ ಅದು. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನಾನು ಇಪ್ಪತ್ತೆರಡು ವರ್ಷದವಳು. ಅವರ ಹಿಂದೆ ನಡೆದೆ.

ಮರುದಿನ ಅವರು ಚೀಟಿಯ ಕೆಲಸವನ್ನೇ ನಿಲ್ಲಿಸಿದರು. ಎಲ್ಲರ ವಹಿಗಳನ್ನು ತರಿಸಿ ಆ ಪುಟಗಳನ್ನು ತಾವೇ ತೆಗೆದಿಟ್ಟುಕೊಂಡರು. ಯಾರ ಹೆಸರನ್ನೂ ಹೇಳದೆ ಏನಾಯಿತೆಂದು ವಿವರಿಸಿದರು. ಎಲ್ಲರಿಗೂ ನಾನೇ ಎಂದು ಗೊತ್ತಿತ್ತು. ಹೆಸರು ಹೇಳಿದ್ದರೇ ಮೇಲಿತ್ತು ಅನ್ನಿಸಿತು. ಉಳಿದ ದಿನ ಮಿಡತೆ ಎಣಿಸಿದೆವು.

ಹೊರಡುವ ಹಿಂದಿನ ದಿನ ನದಿಯ ದಂಡೆಯಲ್ಲಿ ಆ ತಾಯಿ ಬಟ್ಟೆ ಒಗೆಯುತ್ತಿದ್ದಳು. ನಾನು ಬಲೆ ಹಿಡಿದು ಹೋಗುತ್ತಿದ್ದವಳು ನಿಂತೆ. ಮನೆಯಲ್ಲಿ ಈಗ ಹೇಗಿದೆ ಎಂದು ಕೇಳಿದೆ.

"ಎಲ್ಲಾರೂ ಮಾತಾಡ್ತಾರ" ಎಂದಳು. ಒಗೆದ ಅಂಗಿ ಹಿಂಡಿ ಕಲ್ಲಿನ ಮೇಲಿಟ್ಟಳು. "ಆವತ್ತ ನೀವು ಹ್ವಾದ ಮ್ಯಾಲೆ ಮಗಳು ಹಿತ್ತಲದಾಗ ಕುಂತು ಬೆಲ್ಲಾ ತಿನ್ನಾಕತ್ತಿದ್ಳು. ಮುಷ್ಟಿಗಟ್ಲೆ. ನನ್ನ ಮಾನ ಉಳಸಾಕ ಆಕಿ ಸುಳ್ಳ ಹೇಳ್ಯಾಳ. ಹತ್ತ ವರ್ಷದ ಕೂಸಿಗೆ ಅದ್ಯಾಕ ತಿಳೀಬೇಕಿತ್ರಿ?"

ನಾನು ಬಲೆಯನ್ನು ಕೆಳಗಿಟ್ಟೆ.

"ನೀವು ಒಂದ ಮಾತ ಅಂದ್ರಿ, ಆಮ್ಯಾಗ ಬಂದು ತಿರಗಿ ತಗೊಂಡ್ರಿ. ಊರಾಗ ಮೊದಲಿನ ಮಾತ ಉಳದೈತಿ." ಇನ್ನೊಂದು ಬಟ್ಟೆ ನೀರಿಗೆ ಅದ್ದಿ, "ಹೋಗಿ ಆಕೀಗೆ ಖರೇ ಹೇಳ್ರಿ. ನಾ ಹೇಳಿದ್ರ ಅವ್ವ ತನ್ನ ಸಲುವಾಗಿ ಹೇಳಾಕತ್ತಾಳ ಅಂತ ತಿಳಕೋತಾಳ" ಎಂದಳು.

ಹುಡುಗಿ ಸೋಯಾಬೀನ್ ಹೊಲದ ಬದುವಿನ ಮೇಲೆ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕಹಿ ಹತ್ತಿದ್ದು ತಪ್ಪಲ್ಲ, ಅದು ಅಜ್ಜಿಯಿಂದ ಬಂದಿರಬಹುದು, ಅಪ್ಪನ ನಾಲಿಗೆ ತಂಬಾಕಿನಿಂದ ಮಂದವಾಗಿದೆ, ತಪ್ಪು ಹೇಳಿದವಳು ನಾನು. ಅವಳು ಗಮನವಿಟ್ಟು ಕೇಳಿದಳು. ಮಧ್ಯೆ ಒಂದು ಪ್ರಶ್ನೆಯನ್ನೂ ಹಾಕಿದಳು: ತಂಬಾಕು ಬಿಟ್ಟರೆ ಅಪ್ಪನಿಗೆ ತಿರುಗಿ ಕಹಿ ಹತ್ತುತ್ತದೆಯೇ ಎಂದು. ಗೊತ್ತಿಲ್ಲ ಎಂದೆ. ಕಡೆಗೆ ಅವಳು ಕೇಳಿದಳು:

"ಹಂಗಾರ ನಾ ಅಪ್ಪನ ಮಗಳ ಹೌದಿಲ್ಲೋ ಅಕ್ಕಾ?"

"ಹೌದು" ಎಂದೆ. "ಖರೇನ ಹೌದು."

ಆ ಚೀಟಿ ಅಲ್ಲ ಎನ್ನಲಾರದು. ಹೌದು ಎನ್ನಲೂ ಆರದು. ನಾನು ಹೇಳಿದ್ದು ಅವಳ ತಾಯಿಯ ಮುಖ ನೋಡಿದ ಧೈರ್ಯದಿಂದ, ವಿಜ್ಞಾನದಿಂದಲ್ಲ. ಐದು ದಿನದ ಹಿಂದೆ ಎಷ್ಟು ಖಚಿತವಾಗಿ "ಸಾಧ್ಯನ ಇಲ್ಲ" ಎಂದಿದ್ದೆನೋ ಅಷ್ಟೇ ಖಚಿತವಾಗಿ ಹೇಳಿದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಆತು" ಎಂದು ಎದ್ದು ತಾಯಿಯ ಕಡೆ ಹೋದಳು.

ಮುಂದೆ ನಾನು ಪಾಸಾಗಿ ಅಥಣಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅದೇ ಪುಸ್ತಕ, ಅದೇ ಪುಟ. ಆ ಪಾಠ ಬಂದಾಗ ಒಂದು ತಾಸು ಹೆಚ್ಚು ತೆಗೆದುಕೊಳ್ಳುತ್ತೇನೆ. ಚೌಕ ಎಳೆಯುವ ಮೊದಲು ಭೋಜದ ಕಥೆ ಹೇಳುತ್ತೇನೆ, ಆ ತಪ್ಪು ಮಾಡಿದವಳು ನಾನೇ ಎಂದೂ ಹೇಳುತ್ತೇನೆ. ಮೊದಲ ವರ್ಷ ಹಾಗೆ ಹೇಳಲು ಧೈರ್ಯವಿರಲಿಲ್ಲ, "ನನ್ನ ಗೆಳತಿ" ಎಂದು ಹೇಳಿದ್ದೆ. ಆ ವರ್ಷದ ಫೆಬ್ರುವರಿಯಲ್ಲೇ, ಮನಸ್ಸು ತಡೆಯದೆ, ಕರೋಶಿಗೆ ಬಂದವಳು ಬಸ್ಸು ಹಿಡಿದು ಭೋಜಕ್ಕೆ ಹೋದೆ.

ಮನೆ ಹಾಗೆಯೇ ಇತ್ತು. ಅಜ್ಜಿ ಗುರುತು ಹಿಡಿದು ಗಲ್ಲ ಸವರಿದಳು. ಅವಳಿಗೆ ಅದೆಲ್ಲ ಮುಗಿದ ಮಾತು. ಸೊಸೆ ಚಹಾ ಮಾಡಿದಳು, ಎಲ್ಲಿ ಕೆಲಸ, ಮದುವೆ ಯಾವಾಗ ಎಂದು ಕೇಳಿದಳು. ಎಲ್ಲವೂ ಸರಿಯಾಗಿತ್ತು. ಆದರೆ ಓಣಿಗೆ ಕೇಳುವಂತೆ ನಗುತ್ತಿದ್ದ ಹೆಂಗಸು ಅಲ್ಲಿರಲಿಲ್ಲ. ಮಗಳು ಎಲ್ಲಿ ಎಂದೆ. ನಿಪ್ಪಾಣಿಯ ಹಾಸ್ಟೆಲಿನಲ್ಲಿ ಬಿಟ್ಟಿದ್ದೇವೆ ಎಂದಳು. "ಇಲ್ಲಿ ಸಾಲ್ಯಾಗ ಹುಡುಗ್ರು ಏನೇನರೆ ಅಂತಿದ್ರು. ನಾನ ಹಟಾ ಹಿಡದು ಕಳಿಸೀನ್ರಿ." ಅದಕ್ಕಿಂತ ಮುಂದೆ ಮಾತು ಬೆಳೆಯಲು ಅವಳು ಬಿಡಲಿಲ್ಲ.

ಯಜಮಾನ ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ಬಂದ. ಅರ್ಧ ದಾರಿಯಲ್ಲಿ ತಾನಾಗಿಯೇ ಹೇಳಿದ.

"ನಾ ಹೆಂಡತಿ ಮ್ಯಾಲೆ ಸಂಶೆ ಪಟ್ಟಿಲ್ಲವ್ವಾ. ದೇವರಾಣಿ. ಆವತ್ತೂ ಪಟ್ಟಿಲ್ಲ, ಇವತ್ತೂ ಇಲ್ಲ. ಅಷ್ಟು ಮಂದಿ ಕುಂತಿದ್ರಲ್ಲ, ಮಾರಿ ಎತ್ತಿ ನೋಡಾಕ ಆಗಲಿಲ್ಲ, ಎದ್ದು ಹೋದ್ನಿ. ಎರಡ ದಿನ ಮಾತಾಡಲಿಲ್ಲ, ಏನ ಮಾತಾಡಬೇಕು ಅಂತ ತಿಳೀಲಿಲ್ಲ. ಅಷ್ಟ." ಅವನು ಕಂದಿದ ಅಂಗೈಯನ್ನು ಮುಖದ ಮೇಲೆ ಎಳೆದುಕೊಂಡ. "ಆಕಿ ಒಂದ ಕೇಳ್ತಾಳ. ಕುಂತಿದ್ದಲ್ಲೇ ಕುಂತು, ಇಕೀ ನನ್ನ ಮಗಳ, ನಿಮ್ಮ ಚೀಟಿ ತಗೊಂಡು ಹೋಗ್ರಿ ಅಂತ ಯಾಕ ಅನ್ನಲಿಲ್ಲ ಅಂತ. ನಾ ಏನ ಹೇಳಲಿ?"

"ಅಣ್ಣಾ, ತಪ್ಪು ನಂದು" ಎಂದೆ.

"ನಿಮ್ಮದು ನಿಮಗ, ನಂದು ನನಗ" ಎಂದ, ಸಿಟ್ಟಿಲ್ಲದೆ. "ನೀವು ಒಮ್ಮೆ ಆಕೀಗೆ ಹೇಳಿದ್ರ ಕೇಳ್ತಾಳೇನೋ."

"ಏನಂತ ಹೇಳಲಿ?"

ಅವನು ಯೋಚಿಸಿದ. ನಿಪ್ಪಾಣಿಯ ಬಸ್ಸು ತಿರುವಿನಲ್ಲಿ ಕಾಣಿಸಿತು. "ಅದ ನನಗೂ ತಿಳಿವಲ್ದು" ಎಂದು ಕೈಯೆತ್ತಿ ಬಸ್ಸು ನಿಲ್ಲಿಸಿದ. ನಾನು ಹತ್ತಿ ಕೂತು ಕಿಟಕಿಯಿಂದ ನೋಡಿದಾಗ ಅವನು ಆಗಲೇ ಮನೆಯ ಕಡೆ ತಿರುಗಿದ್ದ, ಅವಸರವಿಲ್ಲದೆ ನಡೆಯುತ್ತಿದ್ದ.